ಸೆಕೆಗಾಲದ ಬಿಸಿನೀರು

ಪುತ್ತೂರಿನಲ್ಲಿ ಮಾರ್ಚ್ ಕಳೆಯಿತೆಂದರೆ ಮಾತೆಲ್ಲ ಸೆಕೆಯದ್ದೇ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರು ಕ್ಷೇಮ ಸಮಾಚಾರ ಕೇಳುವುದಿಲ್ಲ, "ಎಂಥ ಸೆಕೆ ಮಾರಾಯ್ರೆ" ಎಂದೇ ಶುರುಮಾಡುತ್ತಾರೆ. ಮಹಾಲಿಂಗೇಶ್ವರ ದೇವರ ಜಾತ್ರೆ ಬರುವುದೂ ಏಪ್ರಿಲ್‌ನಲ್ಲೇ. ಗದ್ದೆ ತುಂಬ ಜನ, ನಡುರಾತ್ರಿಯಾದರೂ ಬೆವರು ಇಳಿಯುವುದು ನಿಲ್ಲುವುದಿಲ್ಲ. ಇಂಥ ಊರಿನಲ್ಲಿ ಕುಳಿತು, "ದೊಡ್ಡ ರಜೆಯಲ್ಲಿ ಟೆಂಟು ಹಿಡಿದುಕೊಂಡು ಬಿಸಿನೀರಿನ ಬುಗ್ಗೆ ನೋಡಿ ಬರುವ" ಎಂದು ಯಾರಾದರೂ ಹೇಳಿದರೆ ಅವರ ಹಣೆ ಮುಟ್ಟಿ ನೋಡಬೇಕು. ನನಗೆ ಹಾಗೆ ಹೇಳಿದವರು ನಮ್ಮ ಮನೆಯವರೇ ಆದ್ದರಿಂದ ಹಣೆಯ ತಂಟೆಗೆ ಹೋಗದೆ ಬುತ್ತಿ ಕಟ್ಟಿದೆ. ಇವರು ಶಾಲೆ ಮಾಸ್ಟ್ರು. ತಿರುಗಾಟದ ಹುರುಪು ವರ್ಷವಿಡೀ ಇರುತ್ತದೆ, ರಜೆ ಸಿಗುವುದು ಮಾತ್ರ ಸೆಕೆಗಾಲದಲ್ಲಿ.

ಈ ಹುಚ್ಚು ಹಿಡಿದದ್ದು ಬದರಿಯಲ್ಲಿ. ಸಮುದ್ರ ಮಟ್ಟದಿಂದ 3,000 ಮೀಟರಿಗಿಂತ ಮೇಲೆ, ಹಲ್ಲು ಕಟಕಟಿಸುವ ಚಳಿ. ಕೆಳಗೆ ಹಿಮ ಕರಗಿ ಹರಿಯುವ ಅಲಕನಂದಾ, ಮೇಲ್ಗಡೆ ಹಬೆಯಾಡುವ ತಪ್ತಕುಂಡ. ಅದರಲ್ಲಿ ಮುಳುಗಿ ಎದ್ದವರಿಗೆ ಬದರೀನಾರಾಯಣನ ದರ್ಶನಕ್ಕೆ ಮೊದಲೇ ಅರ್ಧ ಮುಕ್ತಿ ಸಿಕ್ಕಿರುತ್ತದೆ. ಊರಿಗೆ ಬಂದ ಇವರು ನಮ್ಮ ದೇಶದಲ್ಲಿ ಇಂಥವು ಇನ್ನೆಲ್ಲೆಲ್ಲಿ ಉಂಟು ಎಂದು ಹುಡುಕತೊಡಗಿದರು. ಭೂವೈಜ್ಞಾನಿಕ ಸರ್ವೇಕ್ಷಣೆಯವರ ಪಟ್ಟಿಯಲ್ಲಿ ಸುಮಾರು 340 ಬುಗ್ಗೆಗಳಿವೆಯಂತೆ. ಲಡಾಖಿನ ಪುಗಾ, ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗಿಳಿಸಿ ಅನ್ನ ಮಾಡುವ ಮಣಿಕರಣ್, ಬಂಗಾಳದ ಬಕ್ರೇಶ್ವರ, ಕೊಂಕಣದ ವಜ್ರೇಶ್ವರಿ, ರಾಜಾಪುರ ಎಂದು ಓದುತ್ತಾ ಬಂದವರು ಒಂದು ಹೆಸರಿನಲ್ಲಿ ನಿಂತುಬಿಟ್ಟರು. ಇರ್ದೆ, ಪುತ್ತೂರು ತಾಲೂಕು.

"ಇದು ನಮ್ಮ ಪಾಣಾಜೆ ಬಸ್ಸು ಹೋಗುವ ದಾರಿ ಅಲ್ವಾ?"

ಅದೇ ದಾರಿ. ಸಂಪ್ಯ, ಸಂಟ್ಯಾರು, ಬೆಟ್ಟಂಪಾಡಿ ದಾಟಿದರೆ ಇರ್ದೆ. ಪೇಟೆಯಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ಬೆಟ್ಟಂಪಾಡಿಯ ಕಡೆ ಮದುವೆ, ಪೂಜೆ ಎಂದು ಹೋಗುವ ನಾವು ಯಾವತ್ತೂ ಇರ್ದೆಯಲ್ಲಿ ಇಳಿದವರಲ್ಲ.

ಇರ್ದೆಯ ಬುಗ್ಗೆಗೆ ಬೆಂದ್ರ್ ತೀರ್ಥ ಎಂದು ಹೆಸರು, ಸೀರೆ ಹೊಳೆಯ ದಂಡೆಯಲ್ಲಿ, ಅಡಿಕೆ ತೋಟಗಳ ನಡುವೆ ಇದೆ. ಕಟ್ಟಿಸಿದ ಸಣ್ಣ ಕೆರೆ, ಇಳಿಯಲು ಮೆಟ್ಟಿಲು. ಬದರಿಯನ್ನು ತಲೆಯಲ್ಲಿಟ್ಟುಕೊಂಡು ಹೋದವರಿಗೆ ಮೊದಲ ನೋಟಕ್ಕೆ ನಿರಾಸೆಯೇ. ಹಬೆ ಇಲ್ಲ, ಕುದಿತ ಇಲ್ಲ, ಪಂಡರ ಗಲಾಟೆ ಇಲ್ಲ. ಮೆಟ್ಟಿಲಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದರೆ ತಳದಿಂದ ಒಂದು ಗುಳ್ಳೆ ಏಳುತ್ತದೆ. ಅವಸರವಿಲ್ಲದೆ ಮೇಲೆ ಬಂದು ಒಡೆಯುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಬೇರೊಂದು ಮೂಲೆಯಲ್ಲಿ. ಮೂಗು ಚುರುಕಿದ್ದವರಿಗೆ ಗಂಧಕದ ವಾಸನೆಯೂ ಸಿಗುತ್ತದೆ. ಇಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಹಿಂದಿನಿಂದಲೂ ಇದೆ.

ಕಾಲು ಇಳಿಬಿಟ್ಟರೆ ಹಸುಕೂಸನ್ನು ಮೀಯಿಸಲು ಮೊಣಕೈ ಅದ್ದಿ ಹದ ನೋಡಿಟ್ಟ ನೀರಿನ ಹಾಗೆ ಇತ್ತು. ಇವರಿಗೆ ಅಷ್ಟು ಸಾಕಾಗಲಿಲ್ಲ. ಬ್ಯಾಗಿನಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದು ನೀರಿಗೆ ಹಿಡಿದರು. ನೂರೊಂದು ತೋರಿಸಿತು.

"ಭೂಮಿತಾಯಿಗೆ ಸಣ್ಣ ಜ್ವರ. ಒಂದು ಡೋಲೋ ಹಾಕುವುದಾ?" ಎಂದೆ. ಮಾಸ್ಟ್ರು ನಗಲಿಲ್ಲ. ನೂರೊಂದು ಫ್ಯಾರನ್‌ಹೀಟ್ ಎಂದರೆ ಮೂವತ್ತೆಂಟು ಚಿಲ್ಲರೆ ಸೆಲ್ಸಿಯಸ್ ಎಂದು ಲೆಕ್ಕ ಮಾಡುತ್ತಿದ್ದರು. ಇಲ್ಲಿನ ನೀರು ಸುಮಾರು 37ರಿಂದ 40 ಡಿಗ್ರಿಯ ನಡುವೆ ಇರುತ್ತದೆ ಎಂದು ಓದಿದ್ದು ಸರಿಯೇ ಆಯಿತು. ಆದರೆ ಆ ಮಧ್ಯಾಹ್ನ ತೋಟದ ನೆರಳಿನ ಗಾಳಿಯೂ ಅದಕ್ಕಿಂತ ಬಹಳ ಹಿಂದೆ ಇರಲಿಲ್ಲ. ಬಿಸಿನೀರಿನಿಂದ ಎದ್ದು ಬಂದರೆ ಮೈ ಒರೆಸಿದಷ್ಟೂ ಒದ್ದೆ. ನೀರು ಯಾವುದು, ಬೆವರು ಯಾವುದು ಎಂದು ಬೈರಾಸಿಗೂ ತಿಳಿಯಲಿಲ್ಲ.

ಈ ನೀರಿಗೆ ಬಿಸಿ ಎಲ್ಲಿಂದ ಬಂತು ಎಂಬ ಪಾಠ ಮಾತ್ರ ನನಗೆ ಇಷ್ಟವಾಯಿತು. ನಮ್ಮಲ್ಲಿ ಜ್ವಾಲಾಮುಖಿ ಇಲ್ಲ. ಕಾಲಡಿಯ ಬಂಡೆ ಕೋಟ್ಯಂತರ ವರ್ಷ ಹಳೆಯದು, ಆರಿ ತಣ್ಣಗಾದದ್ದು. ಆದರೂ ಭೂಮಿಯಲ್ಲಿ ಕೆಳಗೆ ಹೋದ ಹಾಗೆ ಬಿಸಿ ಏರುತ್ತಲೇ ಇರುತ್ತದೆ, ಕಿಲೋಮೀಟರಿಗೆ ಹೆಚ್ಚು ಕಡಿಮೆ 25ರಿಂದ 30 ಡಿಗ್ರಿ. ಗುಡ್ಡದಲ್ಲಿ ಸುರಿದ ಮಳೆನೀರು ಬಂಡೆಯ ಬಿರುಕು ಹಿಡಿದು ಇಳಿಯುತ್ತದೆ, ಅಡಿಯಲ್ಲಿ ಕಾಯುತ್ತದೆ, ಇನ್ನೊಂದು ಬಿರುಕು ಸಿಕ್ಕಿದರೆ ಒತ್ತಡಕ್ಕೆ ಮೇಲೆ ಬರುತ್ತದೆ. ನಮ್ಮ ಬಾವಿಯ ನೀರು ಇಪ್ಪತ್ತೇಳು ಡಿಗ್ರಿ ಎಂದಿಟ್ಟುಕೊಂಡರೆ, ಇದು ಇನ್ನೊಂದು ಹತ್ತು ಹನ್ನೊಂದು ಡಿಗ್ರಿ ಗಳಿಸಬೇಕಾದರೆ ಕಡಿಮೆಯೆಂದರೂ 400 ಮೀಟರ್ ಇಳಿದು ಬಂದಿರಬೇಕು. ಬರುವ ದಾರಿಯಲ್ಲಿ ಕಳೆದುಕೊಂಡ ಬಿಸಿಯ ಲೆಕ್ಕ ಬೇರೆ. ಕೊಂಕಣದ ಉನ್ಹವರೆಯಲ್ಲಿ ನೀರು ಎಪ್ಪತ್ತರ ಹತ್ತಿರ ಇದೆಯಂತೆ, ಅಲ್ಲಿ ಕೈ ಇಟ್ಟರೆ ಸುಡುತ್ತದೆ. ಇರ್ದೆಯದ್ದು ಸಾಧು ಬುಗ್ಗೆ. ಉಪ್ಪಿನಂಗಡಿಯಿಂದಾಚೆ, ಬೆಳ್ತಂಗಡಿ ತಾಲೂಕಿನ ಬಂದಾರಿನಲ್ಲಿ ಇದರ ದಾಯಾದಿ ಇನ್ನೊಂದು ಇದೆ.

ಊರಿನವರು ಇದಕ್ಕೆ ಮುಗಿಬೀಳದೆ ಇರುವುದರ ಕಾರಣ ಹುಡುಕಲು ಭೂಗರ್ಭಕ್ಕೆ ಇಳಿಯಬೇಕಾಗಿಲ್ಲ, ಯಾವುದೇ ಮನೆಯ ಬಚ್ಚಲಿಗೆ ಇಣುಕಿದರೆ ಸಾಕು. ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕೂತ ತಾಮ್ರದ ಹಂಡೆ. ಹೊರಗಡೆ ಚಪ್ಪಡಿಯ ಬದಿಗೆ ಒಣ ಹಾಳೆ, ಸೋಗೆ, ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ. ತೋಟ ಇರುವವರಿಗೆ ಬೆಂಕಿಗೆ ಬಡತನವಿಲ್ಲ. ಹಾಳೆ ಭರ್ರನೆ ಉರಿದು ಮುಗಿಯುತ್ತದೆ, ಸಿಪ್ಪೆ ಹೊಗೆಯಾಡುತ್ತಾ ಗಂಟೆಗಟ್ಟಲೆ ಬಿಸಿ ಹಿಡಿಯುತ್ತದೆ. ಯಾವುದನ್ನು ಯಾವಾಗ ಒಲೆಗೆ ತಳ್ಳಬೇಕು ಎಂಬುದು ನನ್ನ ಅತ್ತೆಯವರಿಗೆ ಕಣ್ಣುಮುಚ್ಚಿದರೂ ಗೊತ್ತಿತ್ತು. ಏಪ್ರಿಲ್ ಇರಲಿ, ಮೇ ಇರಲಿ, ಸಂಜೆ ತೋಟದಿಂದ ಬಂದವರಿಗೆ ಮೀಯಲು ಬಿಸಿನೀರೇ ಆಗಬೇಕು. ತಣ್ಣೀರು ಮಿಂದರೆ ಸೆಕೆ ಇಮ್ಮಡಿಯಾಗುತ್ತದೆ ಎಂಬುದು ಇಲ್ಲಿನ ಸಿದ್ಧಾಂತ. ದೀಪಾವಳಿಯ ಹಿಂದಿನ ರಾತ್ರಿ ಹಂಡೆಯನ್ನು ತಿಕ್ಕಿ ತೊಳೆದು, ನೀರು ತುಂಬಿಸಿ, ಬಳ್ಳಿ ಸುತ್ತಿ ಪೂಜೆ ಮಾಡುವ ಜನ ನಾವು. ವರ್ಷಕ್ಕೊಂದು ಹಬ್ಬವನ್ನೇ ಬಿಸಿನೀರಿಗೆ ಬಿಟ್ಟುಕೊಟ್ಟವರಿಗೆ ನೆಲದಿಂದ ಉಗುರು ಬೆಚ್ಚಗಿನ ನೀರು ಬಂದರೆ ಎಂಥ ಅಚ್ಚರಿ?

ಇನ್ನು ಟೆಂಟಿನ ಕಥೆ. ಎರಡೇ ನಿಮಿಷದಲ್ಲಿ ಬಿಡಿಸಬಹುದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮಡಚಲು ಎಷ್ಟು ಹೊತ್ತು ಬೇಕೆಂದು ಬರೆಯದಿದ್ದದ್ದು ವ್ಯಾಪಾರದ ಜಾಣತನ. ಅದಕ್ಕಿಂತ ದೊಡ್ಡ ಪ್ರಶ್ನೆ ಅದನ್ನು ಎಲ್ಲಿ ಹಾಕುವುದು ಎಂಬುದು. ಒಂದು ಸಲ ಕಡಬದ ಕಡೆ ನೆಟ್ಟಣ ದಾಟಿ ಕುಮಾರಧಾರೆಯ ದಂಡೆಯಲ್ಲಿ ಒಳ್ಳೆಯ ಮರಳು ಕಂಡಿತು. ಬೇಸಗೆಯಲ್ಲಿ ಹೊಳೆ ಬಡವಾಗಿರುತ್ತದೆ, ಆದರೂ ಪುಷ್ಪಗಿರಿಯ ಕಾಡಿನಿಂದ ಇಳಿದು ಬರುವ ಆ ನೀರಿನ ತಂಪೇ ತಂಪು. ಚೀಲ ಕೆಳಗಿಡುವಷ್ಟರಲ್ಲಿ ದಾರಿಹೋಕರೊಬ್ಬರು ನಿಂತರು. "ರಾತ್ರಿ ಇಲ್ಲಿಗೆ ನೀರು ಕುಡಿಯಲಿಕ್ಕೆ ಬರುವವರು ಬೇರೆಯೇ ಉಂಟು. ನಿಮ್ಮ ಈ ಕೊಡೆ ಅವರ ಕಾಲಿಗೆ ತಾಗೀತು." ಆನೆ ಎಂಬ ಶಬ್ದ ಬಾಯಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮೇಲೆ 1,712 ಮೀಟರಿನ ಕುಮಾರಪರ್ವತಕ್ಕೆ ಹೋಗುವ ಎಂದರೆ ಕಾಡ್ಗಿಚ್ಚಿನ ಭಯಕ್ಕೆ ಬೇಸಗೆಯಲ್ಲಿ ಚಾರಣ ಬಂದ್. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಮುಳುಗು ಹಾಕಿ, ದೇವರಿಗೆ ಕೈಮುಗಿದು, ಊಟ ಮಾಡಿ ಬಂದೆವು.

ಸುಳ್ಯ ನನ್ನ ತವರಿನ ತಾಲೂಕು, ಹಾಗಾಗಿ ಮುಂದಿನ ಸಲ ದಾರಿ ನನ್ನದೇ. ಅರಂತೋಡಿನಿಂದ ಒಳಗೆ ತೊಡಿಕಾನ. ಮಲ್ಲಿಕಾರ್ಜುನ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ ಹಾಕಿ, ದೇವರಗುಂಡಿಯ ಕಡೆ ಒಂದಿಷ್ಟು ನಡೆದು, ಇಳಿಹೊತ್ತಿಗೆ ತೋಟದ ಮನೆಯೊಂದರಲ್ಲಿ ಹೋಗಿ ಕೇಳಿದೆವು, ತೋಡಿನ ಬದಿಯಲ್ಲಿ ಟೆಂಟು ಹಾಕಬಹುದಾ ಎಂದು. ಜಗಲಿಯಲ್ಲಿದ್ದ ಅಜ್ಜಿ ಮೊದಲು ಬೆಲ್ಲ, ನೀರು ತಂದಿಟ್ಟರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮದು ಯಾವ ಊರು ಮಗಾ?"

"ಗಂಡನ ಮನೆ ಪುತ್ತೂರು. ನನ್ನದು ಬೆಳ್ಳಾರೆ."

"ಬೆಳ್ಳಾರೆಯವಳಾಗಿ ತೋಡಿನ ಬದಿಯಲ್ಲಿ ಮಲಗುವುದಾ? ನಾಳೆ ಯಾರಾದರೂ ಕೇಳಿದರೆ ನಾನು ಎಂತ ಹೇಳಲಿ? ಬೇಕಾದರೆ ಅಂಗಳದಲ್ಲಿ ಹಾಕಿಕೊಳ್ಳಿ. ಮೊದಲು ಹೋಗಿ ಮಿಂದು ಬನ್ನಿ, ನೀರು ಕಾದಿದೆ."

ಅವರ ಮನೆಯ ಮಾಡಿನ ಮೇಲೆ ಸೋಲಾರ್ ಹೀಟರ್ ಇತ್ತು. ಆದರೂ ಬಚ್ಚಲಲ್ಲಿ ಒಲೆ ಉರಿಯುತ್ತಿತ್ತು. ಸೋಲಾರಿನ ನೀರು ಮೈಗೆ ಹಿಡಿಯುವುದಿಲ್ಲವಂತೆ. ಹೊಗೆಯ ಪರಿಮಳ ಸೇರಿದ ಆ ನೀರನ್ನು ಚೊಂಬಿನಲ್ಲಿ ಮೊಗೆದು ಬೆನ್ನಿಗೆ ಸುರಿದುಕೊಂಡಾಗ ಇಡೀ ದಿನದ ನಡಿಗೆ ಇಳಿದುಹೋಯಿತು. ರಾತ್ರಿ ಕಾಟುಮಾವಿನ ಗೊಜ್ಜು, ಕುಚ್ಚಲಕ್ಕಿ ಗಂಜಿ, ಹಲಸಿನ ಹಪ್ಪಳ. ಊಟವಾದ ಮೇಲೆ ಇವರು ಟೆಂಟು ಬಿಡಿಸಿದರು. ಅಜ್ಜಿಯ ಮೊಮ್ಮಕ್ಕಳು ಒಳಗೆ ಹೊಕ್ಕು ಅಲ್ಲೇ ನಿದ್ದೆ ಹೋದರು. ನಾವು ಜಗಲಿಯಲ್ಲಿ ಚಾಪೆ ಹಾಕಿದೆವು.

ಆ ಸಂಜೆ ನನಗೆ ಹೊಳೆದದ್ದು ಇಷ್ಟು. ನಮ್ಮ ಕಡೆ ಬಿಸಿನೀರನ್ನು ಡಿಗ್ರಿಯಲ್ಲಿ ಅಳೆಯುವುದಿಲ್ಲ, ಒಲೆಯ ಮುಂದೆ ಕೂತವರಿಂದ ಅಳೆಯುತ್ತೇವೆ. ಬರುವವರಿಗೆ ಇರಲಿ ಎಂದು ಯಾರೋ ಒಬ್ಬರು ಹೊಗೆ ಕುಡಿದು ಕಣ್ಣು ಕೆಂಪಗೆ ಮಾಡಿಕೊಂಡಿರುತ್ತಾರೆ, ಹೆಚ್ಚಾಗಿ ಹೆಂಗಸರೇ. ಹಾಗೆ ನೋಡಿದರೆ ಇರ್ದೆಯ ನೀರು ಯಾರೂ ಒಲೆ ಊದದೆ, ಯಾರೂ ಸಿಪ್ಪೆ ಹೊರದೆ ಕಾದು ಬಂದದ್ದು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ ಎಂಬ ಲೋಕದ ನಿಯಮ ಅದಕ್ಕೂ ತಾಗಿರುವಂತಿದೆ.

ಬುಗ್ಗೆಯ ಸುತ್ತ ಇರುವುದು ಅಡಿಕೆ ತೋಟ, ಅಡಿಕೆಗೆ ಬೇಸಗೆಯಲ್ಲಿ ನೀರು ಬೇಕೇ ಬೇಕು. ಹಿಂದೆ ಸೀರೆ ಹೊಳೆಗೆ ಅಲ್ಲಲ್ಲಿ ಕಲ್ಲು ಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಿದ್ದರು, ಗುಡ್ಡದ ಒಡಲಿಗೆ ಅಡ್ಡಡ್ಡ ಸುರಂಗ ಕೊರೆದು ಒಸರು ಹಿಡಿಯುತ್ತಿದ್ದರು. ಕಟ್ಟಕ್ಕೆ ಊರೆಲ್ಲ ಕೈಜೋಡಿಸಬೇಕು, ಬೋರ್‌ವೆಲ್ಲಿಗೆ ಒಂದು ಲಾರಿ, ಒಂದು ರಾತ್ರಿ ಸಾಕು. ಐನೂರು ಅಡಿಗೆ ಸಿಗದಿದ್ದರೆ ಏಳುನೂರು, ಅಲ್ಲೂ ಸಿಗದಿದ್ದರೆ ಇನ್ನೂ ಕೆಳಗೆ. ಬಿಸಿನೀರು ಮೇಲೆ ಬರುವುದು ಬಂಡೆಯ ಬಿರುಕಿನಲ್ಲಿ, ಬೋರ್‌ವೆಲ್ ಹುಡುಕುವುದೂ ಅಂಥದೇ ಬಿರುಕನ್ನು. ಪಂಪು ಎಳೆದಷ್ಟೂ ಒತ್ತಡ ಇಳಿಯುತ್ತದೆ, ಬುಗ್ಗೆ ಸೊರಗುತ್ತದೆ, ಮೇಲಿನ ತಣ್ಣೀರು ಬೆರೆತರೆ ಬಿಸಿಯೂ ಆರುತ್ತದೆ. ತೋಟದವರನ್ನು ದೂರುವ ಬಾಯಿ ನನಗಿಲ್ಲ, ನಮ್ಮ ಮನೆಯ ಅಡಿಕೆಯೂ ಬೋರ್‌ವೆಲ್ ನೀರನ್ನೇ ಕುಡಿಯುತ್ತದೆ. ಆದರೆ ಹಂಡೆಯ ನೀರು ಮುಗಿದರೆ ತುಂಬಿಸಿ ಮತ್ತೆ ಕಾಯಿಸಬಹುದು, ಇರ್ದೆಯ ಒಲೆಗೆ ಕೈ ಹಾಕುವ ದಾರಿ ಯಾರಿಗೂ ಗೊತ್ತಿಲ್ಲ. ಕಟ್ಟದ ಕೆಲಸಕ್ಕೆ ಮತ್ತೆ ಹತ್ತು ಜನ ಸೇರಿದರೆ ತೋಟಕ್ಕೂ ಆದೀತು, ಬುಗ್ಗೆಗೂ ಆದೀತು.

ನೋಡಲು ಹೋಗುವವರಿಗೆ ನನ್ನದೊಂದು ಮಾತು. ಡಿಸೆಂಬರಿನಲ್ಲೋ ಜನವರಿಯಲ್ಲೋ, ತೋಟದಲ್ಲಿ ಮಂಜು ಬೀಳುವ ಬೆಳಗ್ಗೆ ಹೋಗಿ. ಆಗ ಮೂವತ್ತೆಂಟು ಡಿಗ್ರಿಗೆ ಒಂದು ಅರ್ಥ ಬರುತ್ತದೆ. ಸಾಬೂನು, ಶಾಂಪೂ ಪ್ಯಾಕೆಟ್ಟು ಮನೆಯಲ್ಲೇ ಇರಲಿ. ಟೆಂಟು ಬೇಕಾದರೆ ಒಯ್ಯಿರಿ, ಪಕ್ಕದ ಮನೆಯ ಮಕ್ಕಳಿಗೆ ಆಡಲಿಕ್ಕೆ ಆಗುತ್ತದೆ.

ಇವರು ಈಗ ಉನ್ಹವರೆಯ ಎಪ್ಪತ್ತು ಡಿಗ್ರಿಯ ನೀರಿಗೆ ಥರ್ಮಾಮೀಟರ್ ಹುಡುಕುತ್ತಿದ್ದಾರೆ, ಜ್ವರ ನೋಡುವುದು ಅಲ್ಲಿಗೆ ಸಾಲದು. ಚಳಿಗಾಲದಲ್ಲಾದರೆ ಬರುತ್ತೇನೆ ಎಂದಿದ್ದೇನೆ. ಮಾಸ್ಟ್ರಿಗೆ ಜನವರಿಯಲ್ಲಿ ರಜೆ ಎಲ್ಲಿಂದ ಬರಬೇಕು? ನಿವೃತ್ತಿಯವರೆಗೆ ನಮ್ಮ ಬಿಸಿನೀರೆಲ್ಲ ಸೆಕೆಗಾಲಕ್ಕೇ ಎಂದು ಕಾಣುತ್ತದೆ.