ಮೇಲಿನ ಎರಡು ಸಾಲು

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸುಗ್ಗಿ ಶುರುವಾಯಿತೆಂದರೆ ಸೋನಾ ಮಸೂರಿಯ ದರ ಕೇಳಿ ದಿನಕ್ಕೆ ಹತ್ತಾರು ಮೇಲ್ ಬರುತ್ತವೆ. ಹೊರಗೆ ಹಮಾಲರು ಚೀಲ ಇಳಿಸುತ್ತಿರುತ್ತಾರೆ, ಒಳಗೆ ನಾನು ಔಟ್‌ಲುಕ್ ತೆರೆದು ‘ರಿಪ್ಲೈ’ ಒತ್ತುತ್ತೇನೆ. ಒತ್ತಿದ ಮೇಲೆ ಹಾಳೆ ತೆರೆಯುವುದರೊಳಗೆ ನಾನೇ ಬರೆದ ಪುಟ್ಟ ಆಡ್-ಇನ್ ಎಚ್ಚೆತ್ತು, ಬಂದ ಪತ್ರದ ನೆತ್ತಿಯ ಮೇಲೆ ಒಂದು ನಮಸ್ಕಾರ, ಅದರ ಕೆಳಗೆ ಇವತ್ತಿನ ದರ ಇಟ್ಟು, ಕರ್ಸರನ್ನು ಖಾಲಿ ಸಾಲಿನಲ್ಲಿ ನಿಲ್ಲಿಸಿರುತ್ತದೆ. ಐದು ವರ್ಷವಾಯಿತು, ನೋಡಿದಾಗಲೆಲ್ಲ ಜೀವಕ್ಕೆ ಖುಷಿಯಾಗುತ್ತದೆ.

ಮೊದಲು ಇದು ಬರೀ ಮ್ಯಾಕ್ರೋ. ಕೋಡ್ ಕೂಡ ಒಂದೇ ಸಾಲು: ನನ್ನ ಮಾತು, ಅದಕ್ಕೆ ಅಂಟಿಸಿ ಹಳೆಯ ‘ಬಾಡಿ’. ಬಾಡಿ ಎಂದರೆ ಬರೀ ಅಕ್ಷರ. ಅದನ್ನು ಬದಲಿಸಿದೊಡನೆ ಪತ್ರದ ಬಣ್ಣ, ಗೆರೆ, ಪಟ್ಟಿ ಎಲ್ಲ ಕಳಚಿಬೀಳುತ್ತವೆ. ಖರೀದಿದಾರರು ಕಳಿಸಿದ್ದ ಪಟ್ಟಿಯಲ್ಲಿ ದರ ಯಾವುದು, ತೇವಾಂಶ ಯಾವುದು ಎಂದು ಗುರುತೇ ಸಿಗದಂತಾಯಿತು. ಪಕ್ಕದಲ್ಲಿದ್ದ ಹಿರಿಯ ಗುಮಾಸ್ತರು ನೋಡಿ, “ತಮ್ಮಾ, ಅವರು ಬರ್ದಿದ್ದು ಹಂಗೇ ಇರಬೇಕು ನೋಡು. ನಮ್ಮದೇನಿದ್ರೂ ಅದರ ಮ್ಯಾಲ” ಅಂದರು. ಆಮೇಲಿನ ನನ್ನ ಕೆಲಸವೆಲ್ಲ ಆ ಮಾತಿನ ಬೆನ್ನು ಹಿಡಿದದ್ದು.

ನಾನು ಬಳಸುವ ಕ್ಲಾಸಿಕ್ ಔಟ್‌ಲುಕ್‌ನಲ್ಲಿ 2007ರಿಂದ ಬರೆಯುವ ಹಾಳೆ ವರ್ಡ್‌ನದು. ಹಳೆಯ ಪತ್ರ ಎಲ್ಲಿಂದ ಶುರು ಎಂಬುದಕ್ಕೆ ಅದು ‘_ಮೇಲ್‌ಒರಿಜಿನಲ್’ ಎಂಬ ಬುಕ್‌ಮಾರ್ಕ್ ಇಟ್ಟುಕೊಂಡಿರುತ್ತದೆ, ಸಹಿಗೆ ಇನ್ನೊಂದು. ಕಣ್ಣಿಗೆ ಬೀಳದ ಈ ಗುರುತುಗಳು ಸಿಕ್ಕ ರಾತ್ರಿ ಗದ್ದೆಯ ಬದು ಕಂಡಂತಾಯಿತು. ಬದುವಿನ ಈಚೆ ನನ್ನದು, ಆಚೆ ಅವರದು. 2013ರ ಆವೃತ್ತಿಯಿಂದ ರಿಪ್ಲೈ ಓದುವ ಜಾಗದಲ್ಲೇ ತೆರೆಯುತ್ತದೆ, ಬೇಕೆಂದರೆ ಬೇರೆ ಕಿಟಕಿಯಲ್ಲೂ. ಹಾಗಾಗಿ ಎರಡು ಕಡೆಯೂ ಕಾವಲು ಬೇಕು: ಕಿಟಕಿಗೆ ‘ನ್ಯೂಇನ್‌ಸ್ಪೆಕ್ಟರ್’, ಒಳಗಿನದಕ್ಕೆ ‘ಇನ್‌ಲೈನ್‌ರೆಸ್ಪಾನ್ಸ್’.

ಕನ್ನಡದ್ದೇ ಬೇರೆ ಕತೆ. ಮ್ಯಾಕ್ರೋ ಬರೆಯುವ ವಿಬಿಎ ಎಡಿಟರ್‌ನಲ್ಲಿ ‘ನಮಸ್ಕಾರ’ ಅಂಟಿಸಿದರೆ ಬರೀ ಪ್ರಶ್ನೆಚಿಹ್ನೆಗಳು. ಯೂನಿಕೋಡ್ ಸಂಖ್ಯೆ ಕೊಟ್ಟು ಒಂದೊಂದೇ ಅಕ್ಷರ ಪೋಣಿಸಿದೆ: ನ 3240, ಮ 3246, ಸ 3256, ಹಲಂತ 3277, ಕ 3221, ದೀರ್ಘ 3262, ರ 3248. ಮ್ಯಾಕ್ರೋ ಬಿಟ್ಟು ಆಡ್-ಇನ್ ಮಾಡಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ. ಆದರೂ ಆ ಏಳು ಸಂಖ್ಯೆ ಈಗಲೂ ಬಾಯಿಪಾಠ. ಸ ಮತ್ತು ಕ ನಡುವೆ ಹಲಂತ ಕೂತೊಡನೆ ‘ಸ್ಕ’ ಒತ್ತಾಗಿ ಕೂಡಿಕೊಂಡದ್ದನ್ನು ಮೊದಲ ಸಲ ಪರದೆಯ ಮೇಲೆ ನೋಡಿದ್ದು ಮರೆಯುವುದಿಲ್ಲ.

ಹೆಸರು ಹುಡುಕುವ ಕೆಲಸವನ್ನು ಸೇರಿಸಿದ್ದು ಈ ವರ್ಷ. ಮೇಲ್‌ಗಳು ‘ಪರ್ಚೇಸ್’, ‘ಅಕೌಂಟ್ಸ್’ ಎಂದು ವಿಭಾಗದ ಹೆಸರಿನಲ್ಲಿ ಬರುತ್ತವೆ. ಬರೆದವರ ಹೆಸರು ಇರುವುದು ಪತ್ರದ ಕಡೆಗೆ, ‘ರಿಗಾರ್ಡ್ಸ್’ ಕೆಳಗೆ, ಒಂದೇ ಸಲ. ಇದರ ಯೋಚನೆ ಬಂದದ್ದು ಬಸ್ಸಿನಲ್ಲಿ. ನಮ್ಮೂರು ಲಿಂಗಸುಗೂರಿಗೆ ಹೋಗುವಾಗ ದಾರಿಯಲ್ಲಿ ಮಸ್ಕಿ. ಅಲ್ಲಿಯ ಬಂಡೆಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ಅಶೋಕನ ಶಾಸನಗಳಲ್ಲಿ ಅದುವರೆಗೆ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ. ಮಸ್ಕಿಯ ಬ್ರಾಹ್ಮಿ ಸಾಲಿನಲ್ಲಿ ಬಿರುದಿನ ಬೆನ್ನಿಗೇ ‘ಅಸೋಕ’ ಎಂದು ಹೆಸರೂ ಇತ್ತು. ಬಸ್ಸು ಮಸ್ಕಿ ದಾಟುವಷ್ಟರಲ್ಲಿ, ವಿಭಾಗದ ಬಿರುದಿನ ಹಿಂದಿರುವ ಹೆಸರಿಗಾಗಿ ಪತ್ರವನ್ನು ತಳದಿಂದ ಮೇಲಕ್ಕೆ ಓದಿಸಬೇಕು ಎಂದು ಹೊಳೆಯಿತು.

ಕಳೆದ ವಾರ ಒಂದು ‘ಪರ್ಚೇಸ್’ ಮೇಲ್‌ಗೆ ರಿಪ್ಲೈ ಒತ್ತಿದೆ. ಎರಡು ವರ್ಷದಿಂದ ನಾನು ‘ಸರ್’ ಎಂದೇ ಬರೆಯುತ್ತಿದ್ದ ವಿಳಾಸ ಅದು. ಆಡ್-ಇನ್ ತಳದಿಂದ ಹುಡುಕಿ ತಂದು ನಮಸ್ಕಾರದ ಪಕ್ಕ ಒಬ್ಬ ಹೆಣ್ಣುಮಗಳ ಹೆಸರಿಟ್ಟಿತು. ಅದರ ಮುಂದೆ ‘ಅವರೇ’ ಎಂದು ಕೈಯಾರೆ ಸೇರಿಸಿ ಕಳಿಸಿದೆ.