ನೇರಳೆಗೆ ಸೀಟು, ಕೆಂಪಿಗಿಲ್ಲ

ಸೆಕೆಂಡ್ ಪಿಯು ಫಿಸಿಕ್ಸ್‌ನಲ್ಲಿ 10ರ ಮೇಲೆ ಮೈನಸ್ 34 ಕಂಡರೆ ಮಕ್ಕಳ ಅರ್ಧ ಧೈರ್ಯ ಅಲ್ಲೇ ಹೋಗುತ್ತದೆ. ಬೈಂದೂರಿನಿಂದ ಅಕ್ಕನ ಮಗಳು ಫೋನ್ ಮಾಡಿ, "ಮಾವ, ಈ ಕ್ವಾಂಟಂ ನಂಗೆ ತಲಿಗ್ ಹೋತಿಲ್ಲೆ, ಬಿಎಸ್ಸಿ ಆಸೆ ಬಿಡ್ತೆ" ಅಂದಳು.

ಅವಳ ಮುಂದಿದ್ದ ಲೆಕ್ಕ: ಸೋಡಿಯಂನ ವರ್ಕ್ ಫಂಕ್ಷನ್ 2.3 ಎಲೆಕ್ಟ್ರಾನ್ ವೋಲ್ಟ್. 700 ನ್ಯಾನೋಮೀಟರಿನ ಕೆಂಪು ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಬರುತ್ತದಾ? 400ರ ನೇರಳೆ ಬಿದ್ದರೆ?

"1240ನ್ನು ಆ ನ್ಯಾನೋಮೀಟರಿನಿಂದ ಭಾಗಿಸು. ಉತ್ತರ ಎಲೆಕ್ಟ್ರಾನ್ ವೋಲ್ಟಿನಲ್ಲೇ ಬರುತ್ತೆ" ಅಂದೆ. ಕೆಂಪಿಗೆ ಸುಮಾರು 1.8, ನೇರಳೆಗೆ 3.1. ಬಸ್ ಟಿಕೆಟ್ 2.3 ಅಂದುಕೊಂಡರೆ ಕೆಂಪಿನ ಕಾಸು ಸಾಲದು. ನೇರಳೆ ಕೊಟ್ಟಿದ್ದರಲ್ಲಿ ಉಳಿದ ಚಿಲ್ಲರೆ 0.8, ಅದೇ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ.

"ಕೆಂಪು ಲೈಟ್ ಜೋರ್ ಮಾಡ್ರೆ?"

ಒಳ್ಳೆಯ ಪ್ರಶ್ನೆ. ಆಗ ಫೋಟಾನ್‌ಗಳು ಹೆಚ್ಚುತ್ತವೆ, ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ಒಂದು ಎಲೆಕ್ಟ್ರಾನಿಗೆ ಕಾಸು ಕೊಡುವುದು ಒಂದೇ ಫೋಟಾನ್. ಎಲ್ಲರೂ ಸೇರಿ ವಂತಿಗೆ ಎತ್ತುವ ಹಾಗಿಲ್ಲ. 1905ರಲ್ಲಿ ಐನ್‌ಸ್ಟೈನ್ ಕಂಡದ್ದು ಇದನ್ನೇ. ಅವರ 1921ರ ನೊಬೆಲ್‌ನಲ್ಲಿ ಹೆಸರಿಸಿದ್ದೂ ಇದನ್ನೇ, ಸಾಪೇಕ್ಷತೆಯನ್ನಲ್ಲ.

ಮುಂದಿನ ಮೂರು ಲೆಕ್ಕ ಅವಳೇ ಮಾಡಿ ಫೋಟೋ ಕಳಿಸಿದಳು. ಬಿಎಸ್ಸಿ ಬಿಡುವ ಮಾತು ಮತ್ತೆ ಬರಲಿಲ್ಲ.

ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ನಮ್ಮಿಂದ ಅಷ್ಟಾಗದು. ಊರಿಂದ ಬಂದ ಒಂದು ಫೋನಿಗೆ ಹತ್ತು ನಿಮಿಷ ಕೊಡಬಹುದಲ್ಲ?