ಕೋಲಾರ ಸೀಮೆಯ ಭಾನುವಾರಗಳು

ಕೋಲಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೋಲಾರಮ್ಮ, ಅಂತರಗಂಗೆ, ಚಿನ್ನದ ಗಣಿ ಇಷ್ಟಕ್ಕೇ ನಿಲ್ಲುತ್ತಾರೆ. ಮುಳಬಾಗಿಲು ಎಂದರೆ ಆಂಜನೇಯ, ಕುರುಡುಮಲೆ ಗಣಪತಿ. ಶ್ರೀನಿವಾಸಪುರ ಎಂದರೆ ಮಾವು. ಮಾಲೂರು ಎಂದರೆ ಹಂಚು, ಇಟ್ಟಿಗೆ. ಭಾನುವಾರ ಬೆಳಿಗ್ಗೆ ಈ ಊರುಗಳಲ್ಲಿ ಒಂದು ಸುತ್ತು ಹಾಕಿದರೆ ಬೇರೊಂದು ಕೋಲಾರ ಕಿವಿಗೆ ಬೀಳುತ್ತದೆ. ಒಂದು ಕಡೆ ಹಾರ್ಮೋನಿಯಂ ಜೊತೆಗೆ ನಿಧಾನವಾದ ಕೀರ್ತನೆ. ಇನ್ನೊಂದು ಕಡೆ ಗಂಟೆ, ಮೇಣದಬತ್ತಿ, ಮೊಣಕಾಲೂರಿದ ಜನ. ಮತ್ತೊಂದು ಕಡೆ ಶೀಟು ಹೊದಿಸಿದ ಕಟ್ಟಡದಲ್ಲಿ ಡ್ರಮ್ಮು, ಕೀಬೋರ್ಡು, ಚಪ್ಪಾಳೆ. ಪ್ರಾರ್ಥನೆ ಎಂದೊಡನೆ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಅವರವರ ಮಾತಿನಲ್ಲಿ.

ನಾನು ವಿಜ್ಞಾನದ ಮೇಷ್ಟ್ರು, ಯಾವ ಚರ್ಚಿಗೂ ಸೇರಿದವನಲ್ಲ. ಆದರೆ ಈ ಕಡೆ ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಎಲ್ಲ ಬಗೆಯ ಕ್ರೈಸ್ತರ ಮನೆಗಳಿಂದಲೂ ಮದುವೆ, ಕ್ರಿಸ್ಮಸ್, ಸಾವು ಎಂದು ಕರೆ ಬರುತ್ತದೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಯೇಸುಸ್ವಾಮಿ ಒಬ್ಬರೇ ತಾನೆ? ಮತ್ತೆ ನಮ್ಮನೆಯವರು ಒಂದು ಚರ್ಚಿಗೆ, ನಮ್ಮ ದೊಡ್ಡಮ್ಮನೋರು ಇನ್ನೊಂದಕ್ಕೆ ಯಾಕೆ ಹೋಗ್ತಾರೆ?’

ಇದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. 1876-78ರ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಕ್ಷಾಮ ಎನ್ನುತ್ತಿದ್ದರು. ಆ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಅನಾಥ ಮಕ್ಕಳನ್ನು ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥೋಡಿಸ್ಟರ ಕೈಗೆ ಬಂತು. ಊರಿನವರೆಲ್ಲ ಇ.ಟಿ.ಸಿ.ಎಂ. ಎಂದು ಕರೆಯುವ ಆಸ್ಪತ್ರೆ 1910ರಲ್ಲಿ ಆರಂಭವಾದದ್ದು ಅವರಿಂದಲೇ. ಇತ್ತ ಮೈಸೂರು, ತುಮಕೂರು ಕಡೆಗೆ ಬಂದ ಮೆಥೋಡಿಸ್ಟರು ಇಂಗ್ಲೆಂಡಿನವರು. ಇಬ್ಬರಿಗೂ ಮೂಲಗುರು ಜಾನ್ ವೆಸ್ಲಿಯೇ.

ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಬಿಷಪ್ಪರಿಲ್ಲದೆ ಚರ್ಚೇ ಇಲ್ಲ ಎನ್ನುವ ಆಂಗ್ಲಿಕನ್ನರು, ಬಿಷಪ್ಪರೇ ಬೇಡ ಎನ್ನುತ್ತಿದ್ದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಪಂಗಡದವರು, ಇಂಗ್ಲೆಂಡಿನ ಮೆಥೋಡಿಸ್ಟರು ಒಂದಾದರು. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಮುಗಿಯಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅಮೆರಿಕದ ಮೆಥೋಡಿಸ್ಟರು ಇದಕ್ಕೆ ಸೇರಲಿಲ್ಲ. 1970ರಲ್ಲಿ ಉತ್ತರ ಭಾರತ ಸಭೆ ಆಗುವಾಗಲೂ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಎಂಬ ಸ್ವತಂತ್ರ ಸಭೆಯಾದರು. ಹೀಗಾಗಿ ವೆಸ್ಲಿಯ ಮಕ್ಕಳು ತುಮಕೂರಿನಲ್ಲಿ ಒಂದು ಸಭೆ, ಕೋಲಾರದಲ್ಲಿ ಇನ್ನೊಂದು ಸಭೆ! ಇದಕ್ಕೆ ಶ್ರದ್ಧೆಯ ವ್ಯತ್ಯಾಸಕ್ಕಿಂತ ಹಡಗು ಯಾವ ದೇಶದಿಂದ ಬಂತು ಎನ್ನುವುದೇ ಹೆಚ್ಚಿನ ಕಾರಣ ಎಂದು ನನಗೆ ತೋರುತ್ತದೆ.

ಆ ಒಕ್ಕೂಟದಲ್ಲಿ ನನಗೆ ಹಿಡಿಸಿದ್ದು ಒಂದು ನಿಯಮ. ಒಂದಾಗುವ ಮೊದಲು ಯಾರು ಹೇಗೆ ಆರಾಧಿಸುತ್ತಿದ್ದರೋ ಆ ಕ್ರಮವನ್ನು ನಿಷೇಧಿಸುವಂತಿಲ್ಲ ಎಂದು ಅವರು ಬರೆದುಕೊಂಡರು. 1950ರಲ್ಲಿ ಹೊಸ ಪ್ರಭುಭೋಜನ ಕ್ರಮವನ್ನು ಸಿದ್ಧಪಡಿಸಿದಾಗ, ಪಕ್ಕದವರ ಕೈಗೆ ಕೈ ಸೇರಿಸಿ ಶಾಂತಿ ಹೇಳುವ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ತಂದರು. ಮುಂದೆ ಬೇರೆ ದೇಶಗಳ ಚರ್ಚುಗಳು ತಮ್ಮ ಪೂಜಾಕ್ರಮ ತಿದ್ದುವಾಗ ಈ ಪುಸ್ತಕವನ್ನು ತೆರೆದು ನೋಡಿದವು.

ಕಥೋಲಿಕರದು ಇನ್ನೊಂದು ಕಥೆ. ನಮ್ಮ ಜಿಲ್ಲೆಯ ಕಥೋಲಿಕ ದೇವಾಲಯಗಳು ಬೆಂಗಳೂರು ಮಹಾಧರ್ಮಪ್ರಾಂತಕ್ಕೆ ಸೇರಿವೆ. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಆಮೇಲೆ ಕನ್ನಡ, ತಮಿಳು ಬಂದವು. ಭಾರತದಲ್ಲಿ ಆರತಿ, ದೀಪ, ಕೈಮುಗಿಯುವ ನಮಸ್ಕಾರಗಳಿಗೆ 1969ರಲ್ಲಿ ಒಪ್ಪಿಗೆ ಸಿಕ್ಕಿತು. ಇತರ ಕ್ರೈಸ್ತರನ್ನು ಸೋದರರೆಂದು ಕಾಣಬೇಕೆಂಬ 1964ರ ಆದೇಶವೂ ಆ ಮಹಾಸಭೆಯದೇ.

ಭಾಷೆ ಎಂದಾಗ ನೆನಪಾಯಿತು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ಬಹಳ ಮಂದಿಗೆ ತೆಲುಗು. ಮಾಲೂರಿನ ಕಡೆ ತಮಿಳು ಧಾರಾಳ. ಪೆಂತೆಕೊಸ್ತು ಪ್ರಾರ್ಥನಾ ಮಂದಿರಗಳಲ್ಲಿ ಒಂದು ಹಾಡು ಕನ್ನಡದಲ್ಲಿದ್ದರೆ ಮುಂದಿನದು ತೆಲುಗಿನದು. ಓದು ಬಾರದ ಅಜ್ಜಿಯೂ ಎದ್ದು ನಿಂತು ಸಾಕ್ಷಿ ಹೇಳುತ್ತಾಳೆ. ಪುಸ್ತಕ ಹಿಡಿದು ಆರಾಧಿಸುವ ಸಭೆಯಲ್ಲಿ ಆಕೆಗೆ ಆ ಅವಕಾಶ ಸಿಗುವುದು ಅಪರೂಪ. ‘ಅದೇನು ಗಲಾಟೆ’ ಎನ್ನುವವರು ಇದನ್ನೂ ನೋಡಬೇಕು. ‘ಅಲ್ಲಿ ಜೀವವೇ ಇಲ್ಲ’ ಎಂದು ಹಳೆಯ ಚರ್ಚನ್ನು ಜರೆಯುವವರು, ತಲೆಮಾರುಗಳಿಂದ ಬಾಯಿಪಾಠವಾಗಿ ಬಂದ ಪ್ರಾರ್ಥನೆ ಸಾವಿನ ಮನೆಯಲ್ಲಿ ಹೇಗೆ ಆಸರೆಯಾಗುತ್ತದೆಂದು ನೋಡಬೇಕು.

ಆ ಹುಡುಗಿಗೆ ಶಬ್ದದ ಪಾಠದಿಂದ ಹೇಳಿದೆ: ಹಾರ್ಮೋನಿಯಂನಲ್ಲೂ ಕೊಳಲಿನಲ್ಲೂ ಒಂದೇ ಸ್ವರ ನುಡಿಸಿದರೆ ಮೂಲ ಆವೃತ್ತಿ ಒಂದೇ, ಮೇಲಿನ ಉಪಸ್ವರಗಳು ಬೇರೆಯಾಗಿರುವುದರಿಂದ ದನಿಯ ಗುಣ ಬೇರೆ. ಈ ಹೋಲಿಕೆ ಹಾಡಿಗೆ, ಭಾಷೆಗೆ, ನಿಲುವಂಗಿಗೆ ಸರಿ. ಅದಕ್ಕಿಂತ ಮುಂದೆ ಬಾರದು. ಏಕೆಂದರೆ ನಿಜವಾದ ತಕರಾರು ಡ್ರಮ್ಮಿನದಲ್ಲ, ನೀರಿನದು, ರೊಟ್ಟಿಯದು.

ಮೆಥೋಡಿಸ್ಟರು ಕೂಸಿನ ತಲೆಗೆ ನೀರು ಚಿಮುಕಿಸುವುದನ್ನು ದೀಕ್ಷಾಸ್ನಾನ ಎನ್ನುತ್ತಾರೆ, ಕಥೋಲಿಕರು ಜ್ಞಾನಸ್ನಾನ. ಹೆಸರು ಎರಡಾದರೂ ಒಬ್ಬರದನ್ನು ಇನ್ನೊಬ್ಬರು ಮಾನ್ಯ ಮಾಡುತ್ತಾರೆ. ಪೆಂತೆಕೊಸ್ತು ಸಭೆಗಳು, ತಿಳಿವಳಿಕೆ ಬಂದಮೇಲೆ ನೀರಿನಲ್ಲಿ ಮುಳುಗಿ ಪಡೆದದ್ದೇ ಸ್ನಾನ ಎನ್ನುತ್ತವೆ. ಇನ್ನು ರೊಟ್ಟಿ: ಮೆಥೋಡಿಸ್ಟರ ಪ್ರಭುಭೋಜನಕ್ಕೆ ಬೇರೆ ಸಭೆಯವರಿಗೂ ಅಡ್ಡಿಯಿಲ್ಲ. ಕಥೋಲಿಕರ ಪರಮಪ್ರಸಾದ ಸಾಮಾನ್ಯವಾಗಿ ಅವರವರಿಗೆ ಮಾತ್ರ. ಪ್ರತಿ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯದ ಪ್ರಾರ್ಥನಾ ಸಪ್ತಾಹವಿದೆ. ವೇದಿಕೆಯ ಮೇಲೆ ಒಟ್ಟಿಗೆ ಕೂರುವುದು ಸುಲಭ. ಒಂದೇ ಮೇಜಿನ ಮುಂದೆ ನಿಲ್ಲುವುದು ಈವರೆಗೂ ಆಗಿಲ್ಲ.

ಮುಳಬಾಗಿಲು ಕಡೆ ನನಗೆ ಗೊತ್ತಿರುವ ಒಂದು ಮನೆಯಿದೆ. ತಂದೆ ಮೆಥೋಡಿಸ್ಟರು. ಮಗ ಬೆಂಗಳೂರಿನಲ್ಲಿ ಡಿಪ್ಲೊಮಾ ಓದುವಾಗ ಪ್ರಾರ್ಥನಾ ಕೂಟಕ್ಕೆ ಸೇರಿ, ಮುಳುಗಿ ಸ್ನಾನ ತೆಗೆದುಕೊಳ್ಳುತ್ತೇನೆಂದ. ‘ನಿಮ್ಮಜ್ಜಿ ಎತ್ತಿಕೊಂಡು ನಿಂತು ಕೊಡಿಸಿದ್ದು ಸ್ನಾನವೇ ಅಲ್ಲವೇನಪ್ಪಾ?’ ಎಂದು ತಂದೆ. ‘ಅದು ನೀವು ಕೊಡಿಸಿದ್ದು ಅಪ್ಪಾ. ಇದು ನಾನಾಗಿ ಕೇಳ್ತಿರೋದು’ ಎಂದು ಮಗ. ವಿಶ್ವ ಚರ್ಚುಗಳ ಮಂಡಳಿಯ ಆಯೋಗವೊಂದು 1978ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸೇರಿ, 1982ರಲ್ಲಿ ಪೆರುವಿನ ಲಿಮಾದಲ್ಲಿ ಮುಗಿಸಿದ ದಸ್ತಾವೇಜು, ಸ್ನಾನ ಒಮ್ಮೆ ಮಾತ್ರ, ಎರಡನೇ ಸಲ ಮಾಡಬಾರದು ಎನ್ನುತ್ತದೆ. ಅದನ್ನು ಆ ಮನೆಯ ಜಗಲಿಯಲ್ಲಿ ಕೂತು ಹೇಳಿದರೆ ಇಬ್ಬರೂ ನಕ್ಕಾರು. ಮಗ ಮುಳುಗಿದ. ಎಂಟು ತಿಂಗಳು ಮಾತಿರಲಿಲ್ಲ.

ಅಜ್ಜಿ ತೀರಿಕೊಂಡಾಗ ಅಯ್ಯನವರು ಪುಸ್ತಕ ತೆರೆದು ಪ್ರಾರ್ಥಿಸಿದರು. ಮಗನ ಕಡೆಯವರು ತೆಲುಗಿನಲ್ಲಿ ಹಾಡಿದರು. ಪಕ್ಕದ ಮನೆಯ ಕಥೋಲಿಕ ಹೆಂಗಸು ಜಪಮಾಲೆ ಹಿಡಿದು ಮೂಲೆಯಲ್ಲಿ ಕೂತಿದ್ದರು. ಮಣ್ಣು ಹಾಕುವಾಗ ತಂದೆ ಮಗನ ಕೈ ಹಿಡಿದುಕೊಂಡಿದ್ದರು. ಸ್ನಾನದ ವಿಷಯದಲ್ಲಿ ಇಬ್ಬರೂ ಇಂದಿಗೂ ಒಪ್ಪಿಲ್ಲ. ಭಾನುವಾರ ಮಗ ತಂದೆಯನ್ನು ಬೈಕಿನಲ್ಲಿ ಚರ್ಚಿನ ಮುಂದೆ ಇಳಿಸಿ ತನ್ನ ಸಭೆಗೆ ಹೋಗುತ್ತಾನೆ. ಅಲ್ಲಿ ಆರಾಧನೆ ಬೇಗ ಮುಗಿಯುವುದಿಲ್ಲ. ತಂದೆ ಚರ್ಚು ಬಿಟ್ಟಮೇಲೆ ಟೀ ಅಂಗಡಿಯಲ್ಲಿ ಕೂತು, ಪೇಪರ್ ಓದುತ್ತಾ ಕಾಯುತ್ತಾರೆ.